ಸೊಸೈಟಿ ಗೇಟಿನಲ್ಲಿ ಮುಖ ಕೊಡದಿದ್ದರೆ ಕೆಲಸದವರನ್ನು ಒಳಗೆ ಬಿಡುವುದಿಲ್ಲವಂತೆ. ಭಾನುವಾರದ ಸಭೆಯಲ್ಲಿ ಏನು ಹೇಳಲಿ?

ಡೊಂಬಿವಲಿ ಸುಮಾ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಮೂರು ವಿಂಗ್, 112 ಮನೆ. ಗೇಟಿನಲ್ಲಿ ಮೊದಲು ಒಂದು ರಿಜಿಸ್ಟರ್ ಇತ್ತು, ದಾರ ಕಟ್ಟಿದ ಪೆನ್ನು ಇತ್ತು. ಬಂದವರು ಹೆಸರು ಬರೆದು ಸಹಿ ಹಾಕುತ್ತಿದ್ದರು. ಓದು ಬಾರದವರದ್ದು ವಾಚ್‌ಮನ್ ಬರೆಯುತ್ತಿದ್ದ. ಜೂನ್‌ನಿಂದ ಅದು ಹೋಗಿ ಮುಖ ನೋಡಿ ಗುರುತಿಸುವ ಮೆಷಿನ್ ಬಂದಿದೆ. ಮನೆಕೆಲಸದವರು, ಡ್ರೈವರ್, ಹಾಲಿನವ, ಪೇಪರಿನ ಹುಡುಗ, ಇಸ್ತ್ರಿಯವ, ಎಲ್ಲರೂ ಮುಖ ಕೊಡಬೇಕು, ಆಧಾರ್‌ನ ಎರಡೂ ಬದಿಯ ಫೋಟೋ ಕೊಡಬೇಕು. ಫ್ಲ್ಯಾಟಿನವರಾದ ನಮಗೆ ಮಾತ್ರ ಇದ್ಯಾವುದೂ ಇಲ್ಲ. ನಮ್ಮನ್ನು ಕಂಡರೆ ಗೇಟ್ ತೆರೆಯುತ್ತದೆ.

ನಮ್ಮ ಮನೆಗೆ ಕೆಲಸಕ್ಕೆ ಬರುವವರು ಕಲಬುರ್ಗಿ ಕಡೆಯವರು. ಹನ್ನೊಂದು ವರ್ಷದಿಂದ ಇದೇ ಸೊಸೈಟಿಯಲ್ಲಿ ಐದು ಮನೆ ಮಾಡುತ್ತಾರೆ. ಹೋದ ಮಂಗಳವಾರ ಬೆಳಿಗ್ಗೆ ಜೋರು ಮಳೆ. ತಲೆ ಮೇಲೆ ಸೆರಗು, ಮುಖದ ತುಂಬ ನೀರು, ಮೆಷಿನ್ ಐದು ಸಲ ಕೆಂಪು ದೀಪ ತೋರಿಸಿತು. ಒರೆಸಿಕೊಳ್ಳೋಣ ಅಂದರೆ ಸೆರಗೂ ಒದ್ದೆ. ವಾಚ್‌ಮನ್‌ಗೆ ಅವರ ಪರಿಚಯ ಇಲ್ಲವೇ? ಹಬ್ಬಕ್ಕೆ ಅವರ ಮನೆಯ ಶೇಂಗಾ ಹೋಳಿಗೆ ತಿಂದವನು ಅವನು. ಆದರೂ ಬಿಡಲಿಲ್ಲ. ಹಸಿರು ಬರದೆ ಬಿಟ್ಟರೆ ಅವನ ಸಂಬಳದಲ್ಲಿ ಹಿಡಿಯುತ್ತಾರಂತೆ. 25 ನಿಮಿಷ ಮಳೆಯಲ್ಲೇ ನಿಂತರು. ನಾಲ್ಕನೇ ಮಹಡಿಯವರು ಮೆಷಿನ್‌ಗೆ ಜೋಡಿಸಿದ ಆ್ಯಪ್‌ನಲ್ಲಿ ಟೈಮ್ ನೋಡಿ ಅರ್ಧ ದಿನದ ಪಗಾರ ಮುರಿದರು.

ನಮ್ಮ ಮನೆಗೆ ಬಂದು ಪಾತ್ರೆಗೆ ಕೈ ಹಾಕುವ ಮೊದಲು ಒಂದು ಮಾತು ಹೇಳಿದರು. "ಅಕ್ಕಾರ, ಹನ್ನೊಂದ ವರ್ಷದಾಗ ಒಂದ ಚಮಚಾ ಮುಟ್ಟಿಲ್ರಿ ನಾ. ಈಗ ದಿನಾ ಮಾರಿ ತೋರಸಬೇಕಂತ." ನನಗೆ ಏನು ಹೇಳಬೇಕೋ ತಿಳಿಯಲಿಲ್ಲ.

ಇನ್ನೂ ಒಂದಿದೆ. ಇವರು ಎಷ್ಟು ಗಂಟೆಗೆ ಬಂದರು, ಹೋದರು ಎಂಬುದು 112 ಮನೆಯವರಿಗೂ ಕಾಣುತ್ತದೆ. ಐದರಲ್ಲಿ ಎಷ್ಟು ಸ್ಟಾರ್ ಎಂದು ಯಾರು ಬೇಕಾದರೂ ಕೊಡಬಹುದು. ಈ ಭಾನುವಾರ ವಿಶೇಷ ಸಭೆ ಇದೆ, ಮೂರು ವರ್ಷದ ಕಾಂಟ್ರ್ಯಾಕ್ಟ್‌ಗೆ ಒಪ್ಪಿಗೆ ಕೇಳುತ್ತಾರೆ. ನಾನು ಎದ್ದು ನಿಂತು ಏನು ಹೇಳಲಿ? ಕಾನೂನು ಗೊತ್ತಿದ್ದವರು ದಯವಿಟ್ಟು ತಿಳಿಸಿ.

ನೆರೂಳ್ ಮಂಜು

ನಮ್ಮಲ್ಲೂ ಬಂದಿದೆ. ಯಾರೂ ಕೇಳಲೇ ಇಲ್ಲ, ಒಂದು ದಿನ ಬೆಳಿಗ್ಗೆ ಎದ್ದು ನೋಡಿದರೆ ಗೋಡೆಗೆ ಹಾಕಿಬಿಟ್ಟಿದ್ದರು.

ಮುಲುಂಡ್ ರಾಯರು

ಸುಮಾ ಅವರೇ, ನಿಮ್ಮ ಬೇಸರ ಅರ್ಥವಾಗುತ್ತದೆ. ಆದರೆ ಇನ್ನೊಂದು ಕಡೆಯೂ ನೋಡಿ. ನಮ್ಮ ಕಟ್ಟಡದಲ್ಲಿ ಹಾಡುಹಗಲೇ ಕಳ್ಳತನ ಆಯಿತು. ಒಬ್ಬರೇ ಇದ್ದ ಅಜ್ಜಿ, 78 ವರ್ಷ. ಕೊರಿಯರ್ ಎಂದು ಬಂದವನು ಕೈಬಳೆ ಎಳೆದುಕೊಂಡು ಹೋದ. ಆ ದಿನದ ರಿಜಿಸ್ಟರ್ ನೋಡಿದರೆ ಬರೆದಿದ್ದ ಹೆಸರೂ ಸುಳ್ಳು, ನಂಬರೂ ಸುಳ್ಳು. ಸಿಕ್ಕಿಬಿದ್ದದ್ದು ಪಕ್ಕದ ಅಂಗಡಿಯ ಕ್ಯಾಮೆರಾದಿಂದ. ಈ ಊರು 26/11 ನೋಡಿದೆ. ಅದಾದ ಮೇಲೆ ತಾನೇ ಮುಂಬೈ ರಸ್ತೆಗಳಲ್ಲಿ ಸಾವಿರಾರು ಸಿಸಿಟಿವಿ ಹಾಕಿದ್ದು? ತಪ್ಪು ಮಾಡದವರಿಗೆ ಏನು ಭಯ? ನಾನು ಬ್ಯಾಂಕಿನಲ್ಲಿ 34 ವರ್ಷ ಕ್ಯಾಮೆರಾ ಕೆಳಗೇ ಕೂತವನು.

ಡೊಂಬಿವಲಿ ಸುಮಾ

ರಾಯರೇ, ಕ್ಯಾಮೆರಾಗೆ ನನ್ನ ವಿರೋಧ ಇಲ್ಲ. ಕ್ಯಾಮೆರಾ ನನ್ನನ್ನೂ ನೋಡುತ್ತದೆ, ಅವರನ್ನೂ ನೋಡುತ್ತದೆ. ಈ ಮೆಷಿನ್ ಅವರನ್ನು ಮಾತ್ರ ನೋಡುತ್ತದೆ. ಇನ್ನೊಂದು, ಆ ಕೊರಿಯರ್‌ನವನು ಒಂದು ಸಲ ಬಂದುಹೋದವನು. ಇಂಥವರಿಗೆ ಇಲ್ಲೂ ಬರೀ ಒಟಿಪಿ, ಮುಖ ಬೇಡ. ದಿನಾ ಬರುವವರಿಗೇ ಮುಖ ಬೇಕು. ಅಂದಮೇಲೆ ಕಳ್ಳನನ್ನು ಈ ಮೆಷಿನ್ ಹೇಗೆ ತಡೆಯುತ್ತದೆ ಹೇಳಿ.

ಘಾಟ್ಕೋಪರ್ ವಕೀಲ

ಕಾನೂನಿನ ಮಾತು ನಾನು ಹೇಳುತ್ತೇನೆ. ಮೊದಲು ನಮ್ಮವರೇ ಒಬ್ಬರ ನೆನಪು. ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, 86ರ ವಯಸ್ಸಿನಲ್ಲಿ, ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟ್‌ಗೆ ಹೋದರು. ಅದರಿಂದಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಂದೇ ದನಿಯಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದಿತು. 2018ರ ಸೆಪ್ಟೆಂಬರ್‌ನಲ್ಲಿ ಆಧಾರ್ ಉಳಿಯಿತು. ಆದರೆ ಖಾಸಗಿಯವರಿಗೆ ಆಧಾರ್ ಕೇಳಲು ದಾರಿ ಮಾಡಿಕೊಟ್ಟಿದ್ದ ಆಧಾರ್ ಕಾಯ್ದೆಯ ಕಲಂ 57ರ ಆ ಭಾಗ ಬಿದ್ದುಹೋಯಿತು. 2019ರ ತಿದ್ದುಪಡಿಯ ಪ್ರಕಾರ ಯಾರಾದರೂ ತಾವಾಗಿ ಆಧಾರ್ ತೋರಿಸಬಹುದು. ಬೇರೆ ಗುರುತಿನ ಚೀಟಿ ಕೊಡುತ್ತೇನೆ ಅಂದರೆ ಅದನ್ನು ಒಪ್ಪಬೇಕು. "ಆಧಾರ್ ಇಲ್ಲದಿದ್ದರೆ ಒಳಗೆ ಇಲ್ಲ" ಎನ್ನಲು ನಿಮ್ಮ ಕಮಿಟಿಗೆ ಅಧಿಕಾರ ಇಲ್ಲ.

ಕೊಡಲೇಬೇಕಾಗಿ ಬಂದರೂ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ. ಆಧಾರ್ ಕೊಡುವ ಯುಐಡಿಎಐ ವೆಬ್‌ಸೈಟ್‌ನಲ್ಲಿ ಪುಕ್ಕಟೆ ಸಿಗುತ್ತದೆ.

ಸಭೆಗೆ ಇನ್ನೊಂದು ಅಸ್ತ್ರ. ಮಹಾರಾಷ್ಟ್ರ ಸಹಕಾರಿ ಸಂಘಗಳ ಕಾಯ್ದೆ 1960, ಕಲಂ 72. ಸೊಸೈಟಿಯ ಅಂತಿಮ ಅಧಿಕಾರ ಸರ್ವಸಾಧಾರಣ ಸಭೆಯದ್ದು, ಕಮಿಟಿಯದ್ದಲ್ಲ. ನಿಮ್ಮ ಆಕ್ಷೇಪವನ್ನು ಬರವಣಿಗೆಯಲ್ಲಿ ಕೊಟ್ಟು, ನಡಾವಳಿಯಲ್ಲಿ ದಾಖಲಿಸಿ ಎಂದು ಪಟ್ಟು ಹಿಡಿಯಿರಿ. ಬರೀ ಬಾಯಿಮಾತು ಚಹಾ ಬಿಸ್ಕತ್ ಜೊತೆ ಮುಗಿದುಹೋಗುತ್ತದೆ.

ಸಯನ್ ಶೆಟ್ರು

ಮಾಸ್ಕ್ಡ್ ಆಧಾರ್ ಎಂದು ಹೇಳುವುದು ಸುಲಭ ವಕೀಲರೇ. ನಮ್ಮ ಹೋಟೆಲಿನಲ್ಲಿ 14 ಹುಡುಗರು. ಅರ್ಧ ಜನರ ಮೊಬೈಲ್ ನಂಬರ್ ಆಧಾರ್‌ಗೆ ಜೋಡಣೆಯೇ ಆಗಿಲ್ಲ, ಒಟಿಪಿ ಎಲ್ಲಿಂದ ಬರಬೇಕು? ಒಬ್ಬ ಹುಡುಗನಿಗೆ ಬೆರಳೂ ಹತ್ತುವುದಿಲ್ಲ. ಎಂಟು ವರ್ಷ ಗ್ರೈಂಡರ್, ಬಿಸಿ ನೀರು, ಸೋಪು. ಬೆರಳ ತುದಿ ನುಣ್ಣಗೆ ಗೋಲಿ ಹಾಗೆ ಆಗಿದೆ. ರೇಷನ್ ಅಂಗಡಿಯಲ್ಲೂ ಇದೇ ಕತೆ.

ಮೊನ್ನೆ ಅವನದೇ ಕೆಲಸಕ್ಕೆ ಸೈಬರ್ ಅಂಗಡಿಗೆ ಹೋಗಿದ್ದೆ. ಕಂಪ್ಯೂಟರ್ ಪರದೆಯ ಮೇಲೆ ಸಾಲು ಸಾಲು ಪಿಡಿಎಫ್. ಆಧಾರ್, ಪ್ಯಾನ್, ಯಾರದೋ ಮಾರ್ಕ್ಸ್ ಕಾರ್ಡ್. ಹಿಂದಿನ ವರ್ಷದ್ದೂ ಅಲ್ಲೇ ಇದೆ. ಅಳಿಸಪ್ಪ ಅಂದೆ. "ಅಣ್ಣಾ, ಮತ್ತೆ ಬೇಕು ಅಂತ ಅವರೇ ಬರ್ತಾರೆ" ಎಂದ. ಕೆಟ್ಟವನಲ್ಲ. ಆದರೆ ಆ ಕಂಪ್ಯೂಟರ್‌ಗೆ ಪಾಸ್‌ವರ್ಡ್ ಕೂಡ ಇಲ್ಲ.

ಹಿಂಜೆವಾಡಿ ಅಶ್ವಿನಿ

ನಾನು ಪುಣೆಯಲ್ಲಿ ಇಂಥದ್ದೇ ಸಾಫ್ಟ್‌ವೇರ್ ಬರೆಯುವ ಕೆಲಸದಲ್ಲಿದ್ದೆ. ಅದು ಹೇಗೆ ನಡೆಯುತ್ತದೆ ಎಂದು ಹೇಳಿದರೆ ಸುಮಾ ಅವರಿಗೆ ಸಭೆಯಲ್ಲಿ ಅನುಕೂಲ ಆಗಬಹುದು.

ಮೆಷಿನ್ ಮುಖವನ್ನು ಒಂದು ಸಾಲು ಅಂಕಿಗಳಾಗಿ ಮಾಡಿ ಇಟ್ಟುಕೊಳ್ಳುತ್ತದೆ. ಮರುದಿನ ಬಂದಾಗ ಹೊಸ ಅಂಕಿಗಳನ್ನು ಹಳೆಯದಕ್ಕೆ ಹೋಲಿಸುತ್ತದೆ. ಎಷ್ಟು ಹತ್ತಿರ ಇದ್ದರೆ "ಇವರೇ" ಎನ್ನಬೇಕು ಎಂಬ ಗೆರೆ ಎಳೆಯುವವರು ನಾವು, ಮನುಷ್ಯರು. ಗೆರೆ ಬಿಗಿ ಮಾಡಿದರೆ ನಿಜವಾದವರೇ ಮಳೆಯಲ್ಲಿ ನಿಲ್ಲುತ್ತಾರೆ. ಸಡಿಲ ಮಾಡಿದರೆ ಅಕ್ಕನ ಬದಲು ತಂಗಿ ಬಂದರೂ ಹಸಿರು. ಎರಡೂ ತಪ್ಪು ಇಲ್ಲದ ಮೆಷಿನ್ ಎಲ್ಲೂ ಇಲ್ಲ. ಯಾವ ತಪ್ಪು ಯಾರ ತಲೆಗೆ ಎಂಬುದೇ ಪ್ರಶ್ನೆ, ಅದನ್ನು ನಿಮ್ಮ ಕಮಿಟಿಗೆ ಯಾರೂ ವಿವರಿಸಿರುವುದಿಲ್ಲ.

2018ರಲ್ಲಿ ಅಮೆರಿಕದ ಎಂಐಟಿಯಲ್ಲಿ ಒಂದು ಪರೀಕ್ಷೆ ಮಾಡಿದರು. ಮುಖ ನೋಡಿ ಗಂಡೋ ಹೆಣ್ಣೋ ಹೇಳುವ ಸಾಫ್ಟ್‌ವೇರ್‌ಗಳು ಬಿಳಿ ಬಣ್ಣದ ಗಂಡಸರ ವಿಷಯದಲ್ಲಿ ತಪ್ಪಿದ್ದು ಹೆಚ್ಚೆಂದರೆ ಶೇ. 0.8. ಕಪ್ಪು ಬಣ್ಣದ ಹೆಂಗಸರ ವಿಷಯದಲ್ಲಿ ಶೇ. 34.7ರವರೆಗೆ. ಅದು ಗುರುತು ಹಿಡಿಯುವ ಪರೀಕ್ಷೆ ಅಲ್ಲ, ಆಮೇಲೆ ಇವು ಸುಧಾರಿಸಿವೆ ಕೂಡ. ಆದರೆ ಯಾರ ಮುಖ ತೋರಿಸಿ ಕಲಿಸುತ್ತೇವೋ ಅವರ ಮುಖವನ್ನೇ ಅದು ಚೆನ್ನಾಗಿ ಓದುತ್ತದೆ. ಒದ್ದೆ ಸೆರಗಿನ ಮುಖಗಳನ್ನು ನಮ್ಮ ಆಫೀಸಿನಲ್ಲಿ ಯಾರೂ ಕಲಿಸಲಿಲ್ಲ. ನಾನೂ ಕಲಿಸಲಿಲ್ಲ, ಅದು ನನಗೆ ಇವತ್ತಿಗೂ ನೋವಿದೆ.

ಒಟಿಪಿ ಸೋರಿದರೆ ಇನ್ನೊಂದು ಬರುತ್ತದೆ. ಪಾಸ್‌ವರ್ಡ್ ಬದಲಿಸಬಹುದು. ಮುಖ ಬದಲಿಸಲು ಆಗುವುದಿಲ್ಲ.

ಮುಲುಂಡ್ ರಾಯರು

ಅಶ್ವಿನಿ ಅವರೇ, ಚೆನ್ನಾಗಿ ತಿಳಿಸಿದಿರಿ. ಆದರೂ ವಿಮಾನ ನಿಲ್ದಾಣದಲ್ಲಿ ಮುಖ ನೋಡಿ ಒಳಗೆ ಬಿಡುವ ಡಿಜಿಯಾತ್ರಾಗೆ ಜನ ತಾವೇ ಸಾಲಾಗಿ ಮುಖ ಕೊಡುತ್ತಾರಲ್ಲ?

ಹಿಂಜೆವಾಡಿ ಅಶ್ವಿನಿ

ಅಲ್ಲಿ ಬೇಡ ಅಂದವರಿಗೆ ಪಕ್ಕದಲ್ಲೇ ಬೇರೆ ಸಾಲು ಇದೆ ರಾಯರೇ. ಮುಖ ಕೊಡದಿದ್ದರೆ ವಿಮಾನ ತಪ್ಪುವುದಿಲ್ಲ. ಇಲ್ಲಿ ಐದು ಮನೆಯ ಪಗಾರ ತಪ್ಪುತ್ತದೆ.

ಕೊಥ್ರೂಡ್ ಕುಲಕರ್ಣಿ

ಮಾಹಿತಿ ಸೋರಿಕೆ ಅಂದಿರಲ್ಲ, ನನ್ನದು ಕೇಳಿ. ಬಾಡಿಗೆ ಮನೆ, 11 ತಿಂಗಳ ಲೀವ್ ಅಂಡ್ ಲೈಸೆನ್ಸ್. ಹತ್ತನೇ ತಿಂಗಳು ಬಂತೆಂದರೆ ಬ್ರೋಕರ್‌ಗಳ ಫೋನ್ ಶುರು. "ಸಾಹೇಬ್, ಅಗ್ರಿಮೆಂಟ್ ಮುಗಿಯುತ್ತಾ ಬಂತು, ಹೊಸ ಮನೆ ನೋಡೋಣವಾ?" ಒಂದೇ ದಿನ ಒಂಬತ್ತು ಫೋನ್. ಮನೆಮಾಲೀಕರೇ ನಂಬರ್ ಹಂಚಿದ್ದಾರೆ ಎಂದು ಅವರ ಜೊತೆ ಜಗಳ ಆಡಿದೆ.

ಘಾಟ್ಕೋಪರ್ ವಕೀಲ

ಕುಲಕರ್ಣಿಯವರೇ, ಪಾಪ ಮಾಲೀಕರದ್ದು ತಪ್ಪಿರಲಿಕ್ಕಿಲ್ಲ. ಅಗ್ರಿಮೆಂಟ್ ನೋಂದಣಿ ಆದಮೇಲೆ ಇಂಡೆಕ್ಸ್ 2 ಎಂಬ ನೋಂದಣಿ ದಾಖಲೆಯಲ್ಲಿ ಹೆಸರು, ವಿಳಾಸ, ಅವಧಿ ಬರುತ್ತದೆ. ನೋಂದಣಿ ಇಲಾಖೆಯ ವೆಬ್‌ಸೈಟ್‌ನಲ್ಲಿ ಯಾರು ಬೇಕಾದರೂ ಹುಡುಕಬಹುದು. ಆಸ್ತಿ ವ್ಯವಹಾರದಲ್ಲಿ ಮೋಸ ಆಗಬಾರದು ಎಂದು ಮಾಡಿದ ವ್ಯವಸ್ಥೆ ಅದು. ಅವಧಿ ಅಲ್ಲಿ ಸಿಕ್ಕರೆ ಸಾಕು, ನಂಬರ್ ಎಲ್ಲೆಲ್ಲಿಂದಲೋ ಹೊಂದಿಸುತ್ತಾರೆ.

ಕೊಥ್ರೂಡ್ ಕುಲಕರ್ಣಿ

ಹೌದಾ! ಇವತ್ತೇ ಮಾಲೀಕರಿಗೆ ಫೋನ್ ಮಾಡಿ ಕ್ಷಮೆ ಕೇಳುತ್ತೇನೆ.

ಮಾಟುಂಗದವ

ಎಲ್ಲರೂ ಗೇಟಿನ ಬಳಿಯೇ ನಿಂತಿದ್ದೀರಿ. ಈ ಗೇಟ್ ಎಲ್ಲಿಂದ ಬಂತು ಎಂದು ಸ್ವಲ್ಪ ಹಿಂದೆ ಹೋಗಿ ನೋಡಿ.

ಮಾಹಿತಿ ರಕ್ಷಣೆಗೆ ಕಾನೂನು ಬೇಕು ಎಂದು 2017ರಲ್ಲಿ ಸಮಿತಿ ಮಾಡಿದರು. ಅಧ್ಯಕ್ಷರು ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ. ಬೆಂಗಳೂರಿನಲ್ಲಿ ಹುಟ್ಟಿ ಮುಂಬೈಯಲ್ಲಿ ಬೆಳೆದವರು, 1992-93ರ ಗಲಭೆಗಳ ವಿಚಾರಣೆ ನಡೆಸಿದವರೂ ಅವರೇ. 2018ರಲ್ಲಿ ವರದಿ ಕೊಟ್ಟರು. 2019ರಲ್ಲಿ ಮಸೂದೆ ಬಂದಾಗ ಸರ್ಕಾರಕ್ಕೆ ಕೊಟ್ಟ ವಿನಾಯಿತಿ ನೋಡಿ ಇದು ಅಪಾಯಕಾರಿ ಎಂದು ಅವರೇ ಬಹಿರಂಗವಾಗಿ ಹೇಳಿದರು. 2022ರ ಆಗಸ್ಟ್‌ನಲ್ಲಿ ಅದನ್ನು ವಾಪಸ್ ಪಡೆದರು. ನವೆಂಬರ್‌ನಲ್ಲಿ ಹೊಸ ಕರಡು ಬಿಟ್ಟು ಜನರ ಅಭಿಪ್ರಾಯ ಕೇಳಿದರು. ಯಾರು ಏನು ಹೇಳಿದರು ಎಂಬುದನ್ನು ಮಾತ್ರ ಬಹಿರಂಗ ಮಾಡುವುದಿಲ್ಲ ಎಂದು ಮೊದಲೇ ಹೇಳಿಬಿಟ್ಟರು. ಯಾವ ಕಂಪನಿ ಯಾವ ಸಾಲು ತೆಗೆಸಿತು, ಯಾವುದನ್ನು ಸೇರಿಸಿತು, ನಮಗೆ ಗೊತ್ತಾಗುವ ದಾರಿಯೇ ಇಲ್ಲ. 2023ರ ಆಗಸ್ಟ್‌ನಲ್ಲಿ ಕಾಯ್ದೆ ಆಯಿತು.

ನಿಮ್ಮ ಸೊಸೈಟಿ ಕಮಿಟಿ ಮಾಡಿದ್ದೂ ಇದನ್ನೇ ಅಲ್ವಾ? ಮೆಷಿನ್ ಮಾರುವವನು ಬಂದು ಕೂತು ಮಾತಾಡಿದ, ಚಹಾ ಕುಡಿದ, ಹೋದ. ಮುಖ ಕೊಡಬೇಕಾದವರು ಆ ಕೋಣೆಯಲ್ಲಿ ಇರಲೇ ಇಲ್ಲ.

ಸಯನ್ ಶೆಟ್ರು

ಕಂಪನಿಗಳು ಸರ್ಕಾರದವರನ್ನು ಒಲಿಸುವ ಈ ಲಾಬಿ ಅಂದರೆ ಲಂಚಕ್ಕೆ ಇನ್ನೊಂದು ಹೆಸರು, ಇದರಲ್ಲಿ ಹೊಸದೇನಿದೆ?

ಮಾಟುಂಗದವ

ಇಲ್ಲ ಶೆಟ್ರೇ, ಎರಡನ್ನೂ ಕಲಸಬೇಡಿ. ನಿಮ್ಮ ಹೋಟೆಲ್ ಸಂಘದವರು ಮಂತ್ರಿಗಳ ಬಳಿ ಹೋಗಿ ಲೈಸೆನ್ಸ್ ಫೀ ಕಡಿಮೆ ಮಾಡಿ ಅಂದರೆ ಅದೂ ಲಾಬಿಯೇ. ತಪ್ಪಲ್ಲ. ಕದ್ದುಮುಚ್ಚಿ ಮಾಡಿದರೆ ತಪ್ಪು. ಅಮೆರಿಕದಲ್ಲಿ 1995ರಿಂದ ಕಾಯ್ದೆ ಇದೆ, ಯಾವ ಕಂಪನಿ ಯಾವ ವಿಷಯಕ್ಕೆ ಎಷ್ಟು ಖರ್ಚು ಮಾಡಿತು ಎಂದು ಬರೆದು ಕೊಡಬೇಕು. 2012ರಲ್ಲಿ ವಾಲ್‌ಮಾರ್ಟ್ ಲಾಬಿ ಬಗ್ಗೆ ನಮ್ಮ ಸಂಸತ್ತಿನಲ್ಲಿ ಗದ್ದಲ ಆಯಿತು, ನೆನಪಿದೆಯಾ? ಆ ಲೆಕ್ಕ ಸಿಕ್ಕಿದ್ದು ಅಮೆರಿಕದ ಕಾಗದದಿಂದ. ನಮ್ಮಲ್ಲಿ ಅಂಥ ಕಾನೂನೇ ಇಲ್ಲ. ಪಕ್ಷಗಳಿಗೆ ಹಣ ಕೊಡುವ ಚುನಾವಣಾ ಬಾಂಡ್ ಯಾರು ಕೊಂಡರು ಎಂದು ತಿಳಿಯಲು 2024ರ ಫೆಬ್ರವರಿ 15ರ ಸುಪ್ರೀಂ ಕೋರ್ಟ್ ತೀರ್ಪೇ ಬೇಕಾಯಿತು. ಅಷ್ಟಾದ ಮೇಲೂ ಬಾಂಡ್ ಮಾರಿದ ಸ್ಟೇಟ್ ಬ್ಯಾಂಕ್ ವಿವರ ಕೊಡಲು ಜೂನ್ 30ರವರೆಗೆ ಸಮಯ ಕೇಳಿತು. ಕೋರ್ಟ್ ಕೊಡಲಿಲ್ಲ.

ನೆರೂಳ್ ಮಂಜು

ಅಮೆರಿಕದಲ್ಲಿ ಬರೆದುಕೊಟ್ಟು ಏನಾಯಿತು? ಅಲ್ಲೂ ದುಡ್ಡಿದ್ದವರದ್ದೇ ನಡೆಯುತ್ತದೆ.

ಹಿಂಜೆವಾಡಿ ಅಶ್ವಿನಿ

ಮಂಜು, ಹಾಗೆಂದು ಕೈಚೆಲ್ಲಬೇಡಿ. ನಾವೂ ಒಂದು ಸಲ ಗೆದ್ದಿದ್ದೇವೆ. 2015ರಲ್ಲಿ ನೆಟ್ ನ್ಯೂಟ್ರಾಲಿಟಿ ಗಲಾಟೆ. ಒಂದು ಆ್ಯಪ್ ಪುಕ್ಕಟೆ, ಇನ್ನೊಂದಕ್ಕೆ ದುಡ್ಡು ಎಂದು ಟೆಲಿಕಾಂ ಕಂಪನಿಗಳು ವಿಂಗಡಿಸಲು ಹೊರಟಿದ್ದವು. ನಾನಾಗ ಕಾಲೇಜಿನಲ್ಲಿದ್ದೆ, ಹಾಸ್ಟೆಲ್‌ನ ನಾವೆಲ್ಲ ಟೆಲಿಕಾಂ ನಿಯಂತ್ರಕ ಸಂಸ್ಥೆ ಟ್ರಾಯ್‌ಗೆ ಇಮೇಲ್ ಕಳಿಸಿದೆವು. ಇಡೀ ದೇಶದಿಂದ ಹತ್ತು ಲಕ್ಷ ಮೀರಿತು. ಫೇಸ್‌ಬುಕ್ ಕೆಲವೇ ವೆಬ್‌ಸೈಟ್ ಪುಕ್ಕಟೆ ಕೊಡುವ ತನ್ನ ಫ್ರೀ ಬೇಸಿಕ್ಸ್‌ಗೆ ಪೇಪರಿನಲ್ಲಿ ಪುಟಗಟ್ಟಲೆ ಜಾಹೀರಾತು ಕೊಟ್ಟಿತು. ಆದರೂ 2016ರ ಫೆಬ್ರವರಿ 8ರಂದು ಟ್ರಾಯ್ ಇಂಥ ಭೇದದ ದರಗಳನ್ನೇ ನಿಷೇಧಿಸಿತು. ಟ್ರಾಯ್ ಬಂದ ಅಭಿಪ್ರಾಯಗಳನ್ನು ಬಹಿರಂಗವಾಗಿ ಹಾಕಿತ್ತು, ಯಾರು ಯಾರ ಕಡೆ ಎಂದು ಎಲ್ಲರಿಗೂ ಕಾಣುತ್ತಿತ್ತು.

ವಾಸ್ಕೋ ಬಸು

ಗೋವಾದಿಂದ ಬರೆಯುತ್ತಿದ್ದೇನೆ. ನಮ್ಮಪ್ಪ 1980ರ ಹೊತ್ತಿಗೆ ಬಾಗಲಕೋಟೆ ಕಡೆಯಿಂದ ಬಂದರು, ಬಂದರಿನಲ್ಲಿ ಮೂಟೆ ಹೊತ್ತರು. ನಾನು ಹುಟ್ಟಿದ್ದು ಇಲ್ಲೇ. ಕೊಂಕಣಿ ನನಗೆ ಕನ್ನಡದಷ್ಟೇ ಬರುತ್ತದೆ. ಆದರೂ ಬಾಡಿಗೆ ಮನೆ ಬದಲಿಸಿದಾಗೆಲ್ಲ ಬಾಡಿಗೆದಾರರ ಫಾರ್ಮ್, ಫೋಟೋ, ಆಧಾರ್, ಊರಿನ ವಿಳಾಸ. ನನ್ನ ಊರು ಇದೇ ಅಂದರೆ "ಅಲ್ಲ, ನಿಮ್ಮ ಊರು?" ಎಂದು ಮತ್ತೆ ಕೇಳುತ್ತಾರೆ. ಫಾರ್ಮ್‌ನ ಆ ಜಾಗದಲ್ಲಿ ಏನು ಬರೆಯಬೇಕು ಹೇಳಿ. ಅಪ್ಪನ ಊರಿನಲ್ಲಿ ನನ್ನನ್ನು ಗುರುತಿಸುವವರು ಯಾರೂ ಇಲ್ಲ.

2024ರಲ್ಲಿ ಇಲ್ಲಿನ ವಿಧಾನಸಭೆ ಇದಕ್ಕೆ ಕಾಯ್ದೆಯನ್ನೇ ಮಾಡಿತು, ಮಾಹಿತಿ ಕೊಡದ ಮಾಲೀಕರಿಗೆ ದಂಡ. ಪರಿಶೀಲನೆ ಬೇಡ ಎನ್ನುವುದಿಲ್ಲ ನಾನು. ಆದರೆ ಕಾಯ್ದೆ ಬಂದಮೇಲೆ ಕನ್ನಡ ಹೆಸರು ಕೇಳಿದೊಡನೆ "ಮನೆ ಖಾಲಿ ಇಲ್ಲ" ಎನ್ನುವುದು ಜಾಸ್ತಿ ಆಗಿದೆ. ಸುಮಾ ಅಕ್ಕ, ನಿಮ್ಮ ಮನೆಗೆ ಬರುವ ಆ ತಾಯಿ ಹೇಳಿದ ಮಾತು ನನ್ನ ಅವ್ವ ಹೇಳಿದ ಹಾಗೇ ಇದೆ.

ಡೊಂಬಿವಲಿ ಸುಮಾ

ಬಸು, ಓದಿ ಕಣ್ಣು ತುಂಬಿತು. ಮಾಲೀಕರು ಹಾಗೆ ಅಂದರೆ ಸುಮ್ನೆ ಇರಬೇಡಿ.

ನೆರೂಳ್ ಮಂಜು

ಮಾತಾಡಲು ಭಯ ಆಗುತ್ತದೆ ಅಕ್ಕ. ನಮ್ಮ ಕನ್ನಡ ಬಳಗದ ವಾಟ್ಸ್‌ಆ್ಯಪ್ ಗುಂಪಿಗೆ ನಾನೇ ಅಡ್ಮಿನ್. ಯಾರೋ ರಾಜಕೀಯ ಹಾಕಿದರೆ ನನ್ನನ್ನು ಹಿಡಿಯುತ್ತಾರೆ ಎಂದು ಹೆಂಡತಿ ದಿನಾ ಬೈಯುತ್ತಾಳೆ. ಪಾಲ್ಘರ್‌ನಲ್ಲಿ ಆಗಲಿಲ್ಲವೇ?

ಘಾಟ್ಕೋಪರ್ ವಕೀಲ

ಮಂಜು, ಹೆದರಬೇಡಿ. 2012ರ ನವೆಂಬರ್‌ನಲ್ಲಿ ಬಾಳ್ ಠಾಕ್ರೆ ತೀರಿಕೊಂಡಾಗ ಮುಂಬೈ ಬಂದ್ ಆದದ್ದನ್ನು ಪ್ರಶ್ನಿಸಿ ಪಾಲ್ಘರ್‌ನ ಹುಡುಗಿ ಫೇಸ್‌ಬುಕ್‌ನಲ್ಲಿ ಬರೆದಳು, ಗೆಳತಿ ಲೈಕ್ ಒತ್ತಿದಳು, ಇಬ್ಬರನ್ನೂ ಬಂಧಿಸಿದರು. ಆಗ ಬಳಸಿದ ಐಟಿ ಕಾಯ್ದೆಯ 66ಎ ಕಲಂ 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್‌ನಲ್ಲಿ ಬಿದ್ದುಹೋಯಿತು. ಆಮೇಲೂ ಪೊಲೀಸರು ಅದೇ ಕಲಂ ಹಾಕುತ್ತಲೇ ಇದ್ದರು, 2021ರಲ್ಲಿ ಕೋರ್ಟ್‌ಗೇ ಆಘಾತ ಆಯಿತು. ಹಾಗಾಗಿ ಎಫ್‌ಐಆರ್‌ನಲ್ಲಿ ಯಾವ ಕಲಂ ಎಂದು ಓದಿ ನೋಡುವುದು ಮುಖ್ಯ. ಅಡ್ಮಿನ್ ವಿಷಯ: ಬಾಂಬೆ ಹೈಕೋರ್ಟ್‌ನ ನಾಗಪುರ ಪೀಠ 2021ರಲ್ಲೇ ಹೇಳಿದೆ, ಮೊದಲೇ ಒಳಸಂಚು ಇಲ್ಲದಿದ್ದರೆ ಸದಸ್ಯ ಹಾಕಿದ ಪೋಸ್ಟ್‌ಗೆ ಅಡ್ಮಿನ್ ಹೊಣೆ ಅಲ್ಲ. ಮನೆಯವರಿಗೆ ಓದಿ ಹೇಳಿ.

ಕೊಥ್ರೂಡ್ ಕುಲಕರ್ಣಿ

ಒಂದು ಸಣ್ಣ ಪ್ರಶ್ನೆ. ಆ ಆ್ಯಪ್‌ನಲ್ಲಿ ಕನ್ನಡ ಇದೆಯಾ? ನಮ್ಮಲ್ಲಿ ಮರಾಠಿ, ಹಿಂದಿ, ಇಂಗ್ಲಿಷ್ ಮಾತ್ರ. ಕೆಲಸಕ್ಕೆ ಬರುವ ಅರ್ಧ ಜನ ವಿಜಯಪುರ, ಯಾದಗಿರಿ ಕಡೆಯವರು.

ಘಾಟ್ಕೋಪರ್ ವಕೀಲ

ಸಣ್ಣ ಪ್ರಶ್ನೆ ಅಲ್ಲವೇ ಅಲ್ಲ! 2023ರ ಮಾಹಿತಿ ರಕ್ಷಣೆ ಕಾಯ್ದೆಯ ಪ್ರಕಾರ ಒಪ್ಪಿಗೆ ಕೇಳುವಾಗ ಇಂಗ್ಲಿಷ್ ಅಥವಾ ಎಂಟನೇ ಶೆಡ್ಯೂಲಿನ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಅವಕಾಶ ಕೊಡಬೇಕು. ಅದರಲ್ಲಿ ಕನ್ನಡವೂ ಇದೆ. ಒಪ್ಪಿಗೆ ಸ್ವತಂತ್ರವಾಗಿರಬೇಕು, ಷರತ್ತು ಇರಬಾರದು. ಮಾಹಿತಿ ಸೋರದಂತೆ ಕಾಯದಿದ್ದರೆ ದಂಡ 250 ಕೋಟಿ ರೂಪಾಯಿವರೆಗೆ. ನಿಯಮಗಳು 2025ರ ನವೆಂಬರ್‌ನಲ್ಲಿ ಬಂದಿವೆ, ಆದರೆ ಈ ಕಲಂಗಳಿಗೆ 18 ತಿಂಗಳ ಗಡುವು ಇದೆ, ಅಂದರೆ 2027ರ ಮೇವರೆಗೆ. ನೀವು ಸಹಿ ಹಾಕುವ ಕಾಂಟ್ರ್ಯಾಕ್ಟ್ ಮೂರು ವರ್ಷದ್ದು. ಮಧ್ಯದಲ್ಲೇ ಕಾನೂನು ಬಂದು ತಟ್ಟುತ್ತದೆ. ಹಣದ ಮಾತು ಬಂದರೆ ಕಮಿಟಿಗೆ ಬೇಗ ಅರ್ಥವಾಗುತ್ತದೆ, ಇದನ್ನೇ ಮೊದಲು ಹೇಳಿ.

ಮಾಟುಂಗದವ

ಇದೇ ಕಾಯ್ದೆ ಮಾಹಿತಿ ಹಕ್ಕಿಗೆ ಕತ್ತರಿ ಹಾಕಿದ್ದನ್ನೂ ಹೇಳಿ ವಕೀಲರೇ. ಕಲಂ 44(3). ಮೊದಲು ವೈಯಕ್ತಿಕ ಮಾಹಿತಿ ಆದರೂ ಸಾರ್ವಜನಿಕ ಹಿತ ಇದ್ದರೆ ಕೊಡಬೇಕು ಎಂಬ ಸಾಲು ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ)ಯಲ್ಲೇ ಇತ್ತು. ಈಗ ಅದು ಹೋಗಿ "ವೈಯಕ್ತಿಕ ಮಾಹಿತಿ" ಕೊಡಬೇಕಿಲ್ಲ ಎಂಬುದಷ್ಟೇ ಉಳಿದಿದೆ. ಸಾರ್ವಜನಿಕ ಹಿತ ದೊಡ್ಡದಾದರೆ ಕೊಡಬಹುದು ಎನ್ನುವ 8(2) ಇದೆ, ನಿಜ. ಆದರೆ ಅಧಿಕಾರಿಗೆ ಇಲ್ಲ ಎನ್ನುವುದು ಎಷ್ಟು ಸುಲಭ ಆಯಿತು ನೋಡಿ. ಕೆಲಸದವರ ಮುಖ ಎಲ್ಲರಿಗೂ ಬೇಕು, ಗುತ್ತಿಗೆದಾರನ ಹೆಸರು ಯಾರಿಗೂ ಬೇಡ.

ಮುಲುಂಡ್ ರಾಯರು

ದೆಹಲಿ ಸುತ್ತಿ ಬಂದಿದ್ದು ಸಾಕು. ಸುಮಾ ಅವರೇ, ಕ್ಯಾಮೆರಾ ಬೇಕು ಎಂಬ ನನ್ನ ಮಾತು ನಾನು ಬಿಡುವುದಿಲ್ಲ. ಆದರೆ ಆ ಸ್ಟಾರ್ ಕೊಡುವುದು, ಟೈಮ್ ಎಲ್ಲರಿಗೂ ಕಾಣುವುದು, ಅದು ತಪ್ಪು. ನಿನ್ನೆ ನಮ್ಮ ಮನೆಗೆ ಬರುವವರನ್ನು ಕೇಳಿದೆ. ಸ್ಟಾರ್ ಬಗ್ಗೆ ಅವರಿಗೆ ಗೊತ್ತೇ ಇರಲಿಲ್ಲ. ಯಾರೋ ಎರಡು ಕೊಟ್ಟಿದ್ದರು. ತೋರಿಸಿದಾಗ ಸೊಂಟಕ್ಕೆ ಸೆರಗು ಸಿಕ್ಕಿಸಿ ಸುಮ್ನೆ ನಿಂತರು, ಮಾತೇ ಆಡಲಿಲ್ಲ. ನಿಮ್ಮ ಸಭೆಯಲ್ಲಿ ಇದನ್ನು ಖಂಡಿತ ಎತ್ತಿ.

ಡೊಂಬಿವಲಿ ಸುಮಾ

ಸಭೆ ಆಯಿತು. ಎರಡೂವರೆ ಗಂಟೆ. ನಾನು ಬರೆದುಕೊಂಡು ಹೋದ ಕಾಗದ ಓದುವಾಗ ಕೈ ನಡುಗುತ್ತಿತ್ತು, ಆದರೂ ಓದಿದೆ. ಮಂಗಳವಾರದ ಮಳೆಯ ಕತೆ ಹೇಳಿದಾಗ ನಾಲ್ಕನೇ ಮಹಡಿಯವರು ಎದ್ದು ಹೋದರು. 250 ಕೋಟಿ ಅಂದಾಗ ಟ್ರೆಷರರ್ ತಲೆ ಎತ್ತಿದರು. ವಕೀಲರೇ, ನಿಮ್ಮ ಮಾತು ನಿಜ.

ಮೂರು ವರ್ಷದ ಕಾಂಟ್ರ್ಯಾಕ್ಟ್ ಒಂದು ವರ್ಷಕ್ಕೆ ಇಳಿಯಿತು. ಮುಖ ಬೇಡ ಅನ್ನುವ ಕೆಲಸದವರಿಗೆ ಸೊಸೈಟಿಯೇ ಕಾರ್ಡ್ ಕೊಡುತ್ತದೆ, 34 ಮತ ಪರ, 29 ವಿರೋಧ. ಸ್ಟಾರ್ ತೆಗೆಯುತ್ತಾರೆ. ಬಂದುಹೋಗುವ ಸಮಯ ಅವರು ಕೆಲಸ ಮಾಡುವ ಮನೆಯವರಿಗೆ ಮಾತ್ರ ಕಾಣುತ್ತದೆ. ಫ್ಲ್ಯಾಟಿನವರೂ ಮುಖ ಕೊಡಲಿ ಎಂದು ನಾನು ಇಟ್ಟ ಸೂಚನೆಗೆ ನಾಲ್ಕೇ ಕೈ ಎದ್ದವು.

ಈಗಾಗಲೇ ತೆಗೆದುಕೊಂಡ ಮುಖ, ಆಧಾರ್ ಫೋಟೋ ಯಾವಾಗ ಅಳಿಸುತ್ತೀರಿ ಎಂದು ಕಂಪನಿಯವನನ್ನು ಕೇಳಿದೆ. "ಮೇಲಿನವರಿಗೆ ತಿಳಿಸುತ್ತೇನೆ" ಎಂದ. ತಾರೀಖು ಹೇಳಲಿಲ್ಲ.

ಘಾಟ್ಕೋಪರ್ ವಕೀಲ

ಅದನ್ನು ಬಿಡಬೇಡಿ. ಅಳಿಸಿದ್ದೇವೆ ಎಂದು ಬರವಣಿಗೆಯಲ್ಲಿ ಕೊಡಿ ಎಂದು ಪತ್ರ ಹಾಕಿ, ಸ್ಪೀಡ್ ಪೋಸ್ಟ್. ಮರಾಠಿಯಲ್ಲಿ ಒಂದು ಕರಡು ಇವತ್ತು ರಾತ್ರಿ ಇಲ್ಲೇ ಹಾಕುತ್ತೇನೆ.

ನೆರೂಳ್ ಮಂಜು

ನನಗೂ ಬೇಕು.

ವಾಸ್ಕೋ ಬಸು

ಕನ್ನಡದಲ್ಲೂ ಒಂದು ಹಾಕಿ ಸರ್, ಓದಿ ಹೇಳಲು.

ಡೊಂಬಿವಲಿ ಸುಮಾ

ಕನ್ನಡದ್ದು ನಾನು ಮಾಡುತ್ತೇನೆ ಬಸು. ಕಾರ್ಡ್‌ಗಳು ಬುಧವಾರ ಬರುತ್ತವಂತೆ. ಅಲ್ಲಿಯವರೆಗೆ ಬೆಳಿಗ್ಗೆ 7:20ಕ್ಕೆ ನಾನೇ ಕೆಳಗೆ ಇಳಿದು ಗೇಟಿನಲ್ಲಿ ನಿಲ್ಲುತ್ತಿದ್ದೇನೆ. ಹಳೆಯ ರಿಜಿಸ್ಟರ್ ವಾಚ್‌ಮನ್ ಕೇಬಿನ್‌ನಲ್ಲೇ ಇತ್ತು, ದಾರ ಮಾತ್ರ ಹೊಸದು ಕಟ್ಟಿದೆವು.